ಮಂಡಿಯೆತ್ತರ

ರಾಗಿ ಕಣ ಮುಗಿದು ಎಂಟು ದಿನ.
ಹುಲ್ಲಿನ ಬಣವೆಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ,
ನಂದಿಬೆಟ್ಟ ಇರಬೇಕಾದ ಜಾಗದಲ್ಲಿ
ಬರೀ ಬಿಳಿ.
"ಗುದ್ದಲಿ ಕಾವಿಗೆ ಕಾವೇ ಇಲ್ಲವಲ್ಲೇ" ಅಂದೆ.
ಅಕ್ಕಯಮ್ಮ ನಗಲಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಾಳೆ ನನ್ನ ನಾದಿನಿ,
ಎರಡೂ ಮಂಡಿಗೆ ಉಕ್ಕು ಹಾಕಿಸಿಕೊಂಡು ಮೂರು ತಿಂಗಳು.
ತಲೆಗೆ ಅಣ್ಣನ ಮಫ್ಲರು, ಕೈಯಲ್ಲಿ ಕೋಲು.
ಕೋಲಿನಿಂದ ಗಾಳಿಯಲ್ಲೇ ಪಾತಿ ಗೀಚುತ್ತಾಳೆ:
"ಅಲ್ಲಿ ಬದನೆ. ಇಲ್ಲಿ ಹೀರೆ ಚಪ್ಪರ.
ಮೂಲೇಲಿ ದಂಟು, ಅದು ಬೇಡ ಅಂದ್ರೂ ಬರುತ್ತೆ."
ಅಗೆಯುವವಳು ನಾನು.

ಒಂದು ಗೇಣು ಅಗೆದರೆ ಸಿಕ್ಕಿದ್ದು ಪ್ಲಾಸ್ಟಿಕ್ಕು.
ಐದು ವರ್ಷ ಟೊಮೇಟೊಗೆ ಹೊದಿಸಿದ್ದ ಮಲ್ಚಿಂಗ್ ಶೀಟು,
ಮೇಲೆ ಬೆಳ್ಳಿ, ಅಡಿಗೆ ಕಪ್ಪು.
ಎಳೆದರೆ ಬರುತ್ತದೆ, ಬರುತ್ತದೆ,
ಪಟ್ಟಂತ ಹರಿಯುತ್ತದೆ.
ಮಧ್ಯಾಹ್ನಕ್ಕೆ ಎರಡು ಗೊಬ್ಬರದ ಚೀಲ ತುಂಬ ಚೂರು,
ಜೊತೆಗೆ ಒಂದು ಡ್ರಿಪ್ ಪೈಪಿನ ಮೂತಿ, ಅರ್ಧ ಬಾಚಣಿಗೆ.
ಬಾಚಣಿಗೆ ಯಾರದು ಅಂತ ಇಬ್ಬರಿಗೂ ಗೊತ್ತು.
ಇಬ್ಬರೂ ಹೇಳಲಿಲ್ಲ.
ಆಕೆ ಅದನ್ನು ತೊಳೆದು ಸೆರಗಿನಲ್ಲಿ ಒರೆಸಿ
ಕಿಟಕಿಯಲ್ಲಿಟ್ಟಳು.

ಬಾಷಾ ಸಾಬರ ಹುಳದ ಮನೆಯಿಂದ
ಟೆಂಪೋ ತುಂಬ ಹಿಕ್ಕೆ ಬಂತು.
ಗೂಡಾಗಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಹುಳ
ಹಿಂದೆ ಬಿಟ್ಟ ಲೆಕ್ಕ ಇದು:
ಕರೀ ಕಾಳು, ಎಲೆಯ ನರ, ಹಿಪ್ಪುನೇರಳೆ ಕಡ್ಡಿ.
ಗುಡ್ಡೆ ಹಾಕಿದ ಮರುದಿನ ಚಳಿಯಲ್ಲಿ ಹೊಗೆಯಾಡಿತು.
ಕುರ್ಚಿ ಎಳೆಸಿಕೊಂಡು ಹೋಗಿ ಅದರ ಪಕ್ಕ ಕೂತಳು, ಕಾಲು ಚಾಚಿ:
"ಡಾಕ್ಟ್ರು ಕೊಡು ಅಂದ ಶಾಖ ಇದೇ ಕಣೇ."
ಈ ಸಲ ನಾನು ನಗಲಿಲ್ಲ,
ಮೂಗು ಮುಚ್ಚಿಕೊಂಡಿದ್ದೆ.

ಇನ್ನು ಬಗ್ಗಿ ಕಳೆ ಕೀಳುವ ಕಾಲ ಅವಳಿಗಿಲ್ಲ.
ಆಕೆ ಇಳಿಯಲಾಗದಿದ್ದರೆ ಮಣ್ಣೇ ಏರಬೇಕು.
ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದೆ, ದರ್ಜಿಯ ಹಾಗೆ:
ಎತ್ತರ, ಮಂಡಿಯಷ್ಟು.
ಅಗಲ, ಆ ಕಡೆಯಿಂದ ಅವಳ ಕೈ, ಈ ಕಡೆಯಿಂದ ನನ್ನದು,
ನಡುವೆ ಬೆರಳ ತುದಿ ತಾಕುವಷ್ಟು.
ಮೂವತ್ತು ವರ್ಷದಲ್ಲಿ ಹೀಗೆ ನಾವು ಮುಟ್ಟಿಕೊಂಡದ್ದು
ಯಾವಾಗ ಅಂತ ನೆನಪಾಗಲಿಲ್ಲ.

ಸೈಜುಗಲ್ಲು ಇಳಿಸಿದ ವೆಂಕಟರೋಣಪ್ಪ
ನಿಂತು ನೋಡಿದ. ಆರಡಿ ಉದ್ದ, ನಾಲ್ಕೂ ಕಡೆ ಕಲ್ಲು.
"ಇದೇಮಿ ತಾಯಿ, ಸಮಾಧಿನಾ?"
ಅರ್ಧ ತೆಲುಗು, ಅರ್ಧ ಕನ್ನಡ.
ನನಗೆ ಜೀವ ಝಲ್ಲಂತು.
"ಹೂಂ, ನಿನ್ನಳತೆಗೇ ಕಟ್ಟಿಸ್ತಿರೋದು" ಅಂದಳು ಅಕ್ಕಯಮ್ಮ,
"ಮಲಗಿ ನೋಡು, ಕಾಲು ಸಾಲ್ದೇ ಇದ್ರೆ
ಇನ್ನೆರಡು ಕಲ್ಲು ಇಳಿಸು."
ಅವನು ನಕ್ಕ. ಕೆಮ್ಮು ಬರುವಷ್ಟು ನಕ್ಕ.
ಆಮೇಲೆ ದುಡ್ಡು ಕೇಳದೆ ತಾನೇ ಕೂತು
ಗೂಟ ನೆಟ್ಟು, ದಾರ ಹಿಡಿದು,
ಒಂದೊಂದು ಕಲ್ಲೂ ಅಲ್ಲಾಡದಂತೆ ಕೂರಿಸಿದ.

ಅಡಿಗೆ ಕಡ್ಡಿ, ಅದರ ಮೇಲೆ ರಾಗಿ ಹೊಟ್ಟು,
ದಿನಾ ಸಂಜೆ ಹಿಚುಕಿದ ಅವರೆಯ ಸಿಪ್ಪೆ, ಸೊಗಡಿನ ಸಮೇತ,
ಹಿಕ್ಕೆ, ಮೇಲೊಂದು ಗೇಣು ಕೆರೆಯ ಗೋಡು.
ತುಂಬಿದ್ದು ಮೂರೇ ದಿನದಲ್ಲಿ ಕುಸಿಯಿತು.
ಮತ್ತೆ ತುಂಬಿದೆ. ಮತ್ತೆ ಕುಸಿಯಿತು.
ಹೀರೆ ಬೀಜ ಬೂದಿಯಲ್ಲಿ ಹೊರಳಿ ಒಲೆಯ ಮೇಲಿನ ಗೂಡಿನಲ್ಲಿದೆ,
ಶಿವರಾತ್ರಿವರೆಗೆ ಮುಟ್ಟೋ ಹಾಗಿಲ್ಲ.
ಊರವರು ಕೇಳುತ್ತಾರೆ, ಏನು ಹಾಕಿದ್ದೀರಿ?
ಏನೂ ಇಲ್ಲ.
ಕಾಯೋದನ್ನ ಹಾಕಿದ್ದೀವಿ.

ರಾತ್ರಿ ಎರಡಕ್ಕೆ ಮೂರು ಫೇಸು ಬರುವ ಪಾಳಿ.
ಮೋಟರು ಹಾಕಲೆಂದು ಬ್ಯಾಟರಿ ಹಿಡಿದು ಹೊರಟರೆ
ಸ್ಟೂಲಿನ ಮೇಲೆ ಆಗಲೇ ಒಬ್ಬಳು,
ಕೋಲು ಪಕ್ಕಕ್ಕಿಟ್ಟು
ಮುಂಗೈವರೆಗೂ ಕೈ ಮಣ್ಣಿನೊಳಗೆ.
"ಏನೇ ಅದು, ಈ ಚಳೀಲಿ?"
"ಬಾ ಇಲ್ಲಿ. ಕೈ ಇಡು.
ನಿನ್ನ ಗುದ್ದಲೀಲಿ ಇರ್ಲಿಲ್ಲವಲ್ಲ ಕಾವು,
ಇಲ್ಲಿದೆ."

ಇಟ್ಟೆ.

ನೀರು ಅರ್ಧ ಪಾತಿಗೆ ಬರುವಷ್ಟರಲ್ಲಿ
ಕರೆಂಟು ಹೋಯಿತು.